ಏಳನೆಯ ಹೆಸರು

ಸೆಪ್ಟೆಂಬರ್ ಬಂತೆಂದರೆ ನಮ್ಮ ತೆಪೊಸಾನ್ ಊರು ದೇಶದ ಬಾವುಟದ ಹಸಿರು, ಬಿಳಿ, ಕೆಂಪು ಬಿಟ್ಟು ಬೇರೆ ಬಣ್ಣವನ್ನು ಮರೆತುಬಿಡುತ್ತದೆ. ಮಾಂಸದಂಗಡಿಯವನು ತಕ್ಕಡಿಗೂ ರಿಬ್ಬನ್ ಕಟ್ಟುತ್ತಾನೆ. ತಳ್ಳುಗಾಡಿಗಳಲ್ಲಿ ಬಾವುಟ, ಗಿರಿಗಿಟ್ಲೆ, ಪೀಪಿಗಳ ರಾಶಿ. ಹದಿನೈದರ ರಾತ್ರಿ ಚೌಕದಲ್ಲಿ ಕೂಗುವ ಸ್ವಾತಂತ್ರ್ಯದ ಘೋಷಣೆಗೆ, ಮಾರನೆಯ ದಿನದ ಮೆರವಣಿಗೆಗೆ ಊರೆಲ್ಲ ಕಾಯುತ್ತಿರುತ್ತದೆ. ಆದರೆ ಶಾಲೆಯವರಾದ ನಮಗೆ ಅದಕ್ಕೂ ಮೊದಲು ಹದಿಮೂರನೆಯ ತಾರೀಕು ಬರುತ್ತದೆ. ಅದು ಬಾಲವೀರರ ದಿನ. ಅವತ್ತು ಪೀಪಿ ಊದುವಂತಿಲ್ಲ.

ಅವತ್ತು ಶಾಲೆಯ ಅಂಗಳದಲ್ಲಿ ಸತ್ತವರ ಹಾಜರಿ ತೆಗೆಯುತ್ತೇವೆ. ಸಾವಿರದ ಎಂಟುನೂರ ನಲವತ್ತೇಳರಲ್ಲಿ ಅಮೆರಿಕದ ಸೈನ್ಯ ನಮ್ಮ ದೇಶದ ರಾಜಧಾನಿಯ ತನಕ ನುಗ್ಗಿ ಚಾಪುಲ್ತೆಪೆಕ್ ಗುಡ್ಡ ಹತ್ತಿದಾಗ, ಮೇಲಿನ ಸೈನಿಕ ಶಾಲೆಯಲ್ಲೇ ಉಳಿದು ಹೋರಾಡಿ ಸತ್ತ ಆರು ಹುಡುಗರ ಹೆಸರುಗಳನ್ನು ಒಂದೊಂದಾಗಿ ಕೂಗುತ್ತೇವೆ. ಪ್ರತಿ ಹೆಸರಿಗೂ ಅಂಗಳವೆಲ್ಲ ಒಂದೇ ದನಿಯಲ್ಲಿ ಉತ್ತರ ಕೊಡುತ್ತದೆ: ‘ತಾಯ್ನಾಡಿಗಾಗಿ ಮಡಿದ!’ ಇದನ್ನು ಯಾರೂ ಕೂತು ಬಾಯಿಪಾಠ ಮಾಡುವುದಿಲ್ಲ. ಒಂದನೆಯ ತರಗತಿಯಲ್ಲಿ ನಾಲಿಗೆಗೆ ಹತ್ತಿಕೊಂಡದ್ದು ಮತ್ತೆ ಬಿಡುವುದಿಲ್ಲ. ಅಜ್ಜಂದಿರೂ ರಸ್ತೆಯಲ್ಲೇ ನಿಂತು, ಟೋಪಿ ತೆಗೆದು, ಗೋಡೆಯಾಚೆಯಿಂದ ದನಿ ಸೇರಿಸುತ್ತಾರೆ.

ನಮ್ಮ ಶಾಲೆಯಲ್ಲಿ ಹೆಸರು ಕೂಗುವವಳು ನಾನು, ದೊಮಿತಿಲಾ. ಮೇಲಿನ ತರಗತಿಗಳಿಗೆ ಇತಿಹಾಸ ಹೇಳಿಕೊಡುತ್ತೇನೆ. ಆ ಆರು ಹುಡುಗರಲ್ಲಿ ಒಬ್ಬ ಬಾವುಟ ಶತ್ರುವಿನ ಕೈಗೆ ಸಿಗಬಾರದೆಂದು ಅದನ್ನು ಮೈಗೆ ಸುತ್ತಿಕೊಂಡು ಕೋಟೆಯ ಮೇಲಿಂದ ಹಾರಿದನಂತೆ ಎನ್ನುವಲ್ಲಿಗೆ ಬಂದಾಗ ಪ್ರತಿವರ್ಷವೂ ತರಗತಿ ಉಸಿರು ಬಿಗಿಹಿಡಿಯುತ್ತದೆ. ಈ ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೈ ಎತ್ತಿ, ಆಗ ಅವರ ಅಮ್ಮಂದಿರು ಎಲ್ಲಿದ್ದರು ಎಂದು ಕೇಳಿದಳು. ಪುಸ್ತಕದಲ್ಲಿ ಅದು ಇಲ್ಲ. ಮನೆಯಲ್ಲಿದ್ದಿರಬೇಕು ಎಂದೆ. ಅಷ್ಟು ಹೇಳಿ ಕಪ್ಪುಹಲಗೆಯ ಕಡೆ ತಿರುಗಿದೆ.

ನನ್ನ ತಮ್ಮ ನಾಬೋರ್ ಆರನೆಯ ತರಗತಿಯಲ್ಲಿದ್ದಾಗ ಆ ಹಾರುವ ಹುಡುಗನ ಪಾತ್ರ ಮಾಡಿದ್ದ. ನಿಜವಾದ ಬಾವುಟವನ್ನು ಹಾಗೆಲ್ಲ ಸುತ್ತಿಕೊಳ್ಳುವಂತಿಲ್ಲವಾದ್ದರಿಂದ ಅಮ್ಮ ಮಂಚದ ಹೊದಿಕೆಗೆ ಬಣ್ಣ ಹಾಕಿ ಕೊಟ್ಟಿದ್ದಳು. ನೀರಿನ ತೊಟ್ಟಿಯ ಕಟ್ಟೆಯಿಂದ ಹಾಸಿಗೆಯ ಮೇಲೆ ಹಾರಿದವನು ಏಳುವಾಗ ನಕ್ಕುಬಿಟ್ಟು, ಸತ್ತವನು ನಗಬಾರದೆಂದು ಬೈಸಿಕೊಂಡಿದ್ದ. ದೊಡ್ಡವನಾದ ಮೇಲೆ ಸೈನ್ಯ ಸೇರಿದ. ಎರಡು ವರ್ಷದ ಹಿಂದೆ ದಕ್ಷಿಣದಲ್ಲಿ ನೆರೆ ಬಂದಾಗ ಜನರನ್ನು ಮಾಳಿಗೆಗಳ ಮೇಲಿಂದ ಇಳಿಸುತ್ತಿದ್ದ ಅವನ ದೋಣಿ ಮಗುಚಿಕೊಂಡಿತು. ಜೊತೆಗಿದ್ದ ಸಾರ್ಜೆಂಟನ ಹೆಣ ಸಿಕ್ಕಿತು. ನಾಬೋರ್ ಸಿಗಲಿಲ್ಲ.

ಹೆಣ ಸಿಗದಿದ್ದರೆ ಊರು ಅದರ ಜಾಗದಲ್ಲಿ ಒಂದು ಕಥೆ ಇಡುತ್ತದೆ. ಸಂದರ್ಭ ನೋಡಿ ಸಮವಸ್ತ್ರ ಬಿಚ್ಚೆಸೆದು ಗಡಿ ದಾಟಿ ಓಡಿದ್ದಾನೆ ಎಂದರು ಕೆಲವರು. ಇದನ್ನು ನಮ್ಮ ಮುಖಕ್ಕೇ ಹೇಳುವವಳು ಎದುರುಮನೆಯ ಚೋನಾ ಒಬ್ಬಳೇ. ಅವಳು ನಾಬೋರನ ಜ್ಞಾನಸ್ನಾನದಲ್ಲಿ ಅವನನ್ನು ಎತ್ತಿಕೊಂಡವಳು, ಅವನಿಗೆ ಎರಡನೆಯ ತಾಯಿ. ಆ ಸಂಬಂಧದಿಂದ ಅಮ್ಮನೂ ಅವಳೂ ಒಬ್ಬರನ್ನೊಬ್ಬರು ಕೊಮಾದ್ರೆ ಎಂದೇ ಕರೆಯುವುದು. ಅಮ್ಮ ಶಾಲೆಯ ಗೇಟಿನ ಬಳಿ ತಮಾಲೆ ಮಾರುತ್ತಾಳೆ. ಮೆಕ್ಕೆಜೋಳದ ಹಿಟ್ಟು ಕಲಸಿ, ತೆನೆಯ ಸಿಪ್ಪೆಯಲ್ಲಿ ಸುತ್ತಿ, ಹಬೆಯಲ್ಲಿ ಬೇಯಿಸಿ ತರುತ್ತಾಳೆ. ಬೆಳಿಗ್ಗೆ ಮೊದಲ ಗಿರಾಕಿ ಚೋನಾ.

‘ಏನ್ ಕೊಮಾದ್ರೆ, ಕಾಗದ ಬಂತಾ ನಿನ್ನ ಮಗನಿಂದ?’ ಎನ್ನುತ್ತಿದ್ದಳು. ‘ಎಲ್ಲಿ ಬರೀತಾನೆ ಬಿಡು. ಮನೇಲಿ ಒಂದು ಲೋಟ ತೊಳೀದೋನು ಶಿಕಾಗೋದಲ್ಲಿ ಯಾವುದೋ ಹೋಟ್ಲಲ್ಲಿ ತಟ್ಟೆ ಉಜ್ಜುತಾ ಇರ್ತಾನೆ. ಪಕ್ಕದಲ್ಲಿ ಒಬ್ಬಳು ಕೆಂಗೂದಲೋಳು ಬೇರೆ.’

ಅಮ್ಮ ಕಣ್ಣು ಎತ್ತದೆ, ‘ಕೆಂಗೂದಲೋಳಿಗೆ ಅಡಿಗೆ ಬರುತ್ತಾ?’ ಎಂದು ಕೇಳುತ್ತಿದ್ದಳು.

‘ಎಲ್ಲಿಂದ ಬರ್ಬೇಕು. ಡಬ್ಬಿ ಬೀನ್ಸು ಬಿಸಿ ಮಾಡಿ ಹಾಕ್ತಾಳೆ. ಅದಕ್ಕೇ ಒಣಗಿ ಕಡ್ಡಿ ಆಗಿರ್ತಾನೆ.’

ಅಮ್ಮ ಅವಳಿಗೆ ಒಂದು ತಮಾಲೆ ಹೆಚ್ಚಿಗೆ ಹಾಕುತ್ತಿದ್ದಳು. ದಿನವೂ ಅದನ್ನು ನೋಡುತ್ತಿದ್ದೆ. ಚಿಕ್ಕವಳಿದ್ದಾಗಿನಿಂದ ನನಗೆ ಅಮ್ಮನ ಮುಖ ನೋಡುತ್ತಿರುವ ಚಟ. ಅಪ್ಪ ಬಿಟ್ಟುಹೋದ ವರ್ಷ ಶುರುವಾದದ್ದು. ಅವಳ ಹುಬ್ಬು ಎಲ್ಲಿ ಏರುತ್ತದೆ, ತುಟಿಯ ಅಂಚು ಯಾವಾಗ ಒಳಕ್ಕೆ ಹೋಗುತ್ತದೆ ಎಂದು ಕಾಯುತ್ತ ಕೂರುತ್ತಿದ್ದೆ. ಮಗನನ್ನು ಹೇಡಿ ಎಂದು ಆಡಿಕೊಂಡವಳಿಗೆ ಅವಳು ಉಣಿಸುವುದು ನನಗೆ ಮೊದಮೊದಲು ಅವಮಾನವೆನ್ನಿಸುತ್ತಿತ್ತು. ಆಮೇಲೆ ಅರ್ಥವಾಯಿತು. ಓಡಿಹೋದವನು ಬದುಕಿರುತ್ತಾನೆ.

ನಾನು ಮಾತ್ರ ನಾಬೋರ್ ಸತ್ತನೆಂದು ಒಪ್ಪಿ, ಅವನನ್ನು ಮನಸ್ಸಿನಲ್ಲೇ ಎಂದೋ ಕಳಿಸಿಕೊಟ್ಟಿದ್ದೇನೆ ಎಂದುಕೊಂಡಿದ್ದೆ. ಓದಿದವಳು ನಾನು, ಹಾಗೆ ಯೋಚಿಸುವುದು ನನ್ನ ಕರ್ತವ್ಯ ಎಂಬಂತೆ. ಅಮ್ಮನ ನಂಬಿಕೆಗೆ ಏಟು ಬೀಳದಂತೆ ನೋಡಿಕೊಳ್ಳುವುದೊಂದೇ ನನಗೆ ಉಳಿದ ಕೆಲಸ ಎಂದುಕೊಂಡಿದ್ದೆ.

ಈ ವರ್ಷ ಆಗಸ್ಟ್ ಕೊನೆಯಲ್ಲಿ ಮುಖ್ಯ ಮೇಷ್ಟ್ರು ಲೆಯೊಬಾರ್ದೊ ನನ್ನನ್ನು ಕೋಣೆಗೆ ಕರೆದರು. ನಾಬೋರನ ದಳದ ಕ್ಯಾಪ್ಟನ್ ಅಲ್ಲಿ ಕುಳಿತಿದ್ದರು. ಹದಿಮೂರರಂದು ಆರು ಹೆಸರುಗಳ ನಂತರ ಏಳನೆಯದಾಗಿ ನಾಬೋರನ ಹೆಸರನ್ನೂ ಕೂಗಿಸಬೇಕೆಂದು ಇಬ್ಬರಿಗೂ ಆಸೆ. ನೆರೆಯಲ್ಲಿ ಅವನು ಇಳಿಸಿ ತಂದವರ ಕುರಿತು ಕ್ಯಾಪ್ಟನ್ ಹೇಳಿದರು. ಮಾತು ನಿಧಾನ, ಕೈ ಮೊಣಕಾಲ ಮೇಲೆ. ಒಳ್ಳೆಯ ಮನುಷ್ಯ. ಊರಿನವರ ಬಾಯಿ ಮುಚ್ಚಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ ಎಂದರು ಮೇಷ್ಟ್ರು. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಅಮ್ಮನನ್ನು ಕೇಳಿ ಹೇಳುತ್ತೇನೆ ಎಂದು ಬಂದೆ.

ಅಮ್ಮ ಅಂಗಳದಲ್ಲಿ ಕುಳಿತು ನೆನೆಸಿದ ಸಿಪ್ಪೆಗಳನ್ನು ಒರೆಸಿ ಜೋಡಿಸುತ್ತಿದ್ದಳು. ಕೇಳಿಸಿಕೊಂಡು ಮುಗಿಸುವವರೆಗೆ ಕೈ ನಿಲ್ಲಿಸಲಿಲ್ಲ.

‘ಆ ಆರು ಜನದ ಹೆಸರು ಕೂಗ್ಲಿ. ಅವರು ಸತ್ತಿದಾರೆ, ಅವರಿಗೆ ಕಂಬ ನಿಲ್ಸಿದಾರೆ. ನನ್ನ ಮಗನ ಒಂದು ಬೂಟೂ ಸಿಕ್ಕಿಲ್ಲ.’

‘ಅದು ಗೌರವ ಅಮ್ಮ. ಓಡಿಹೋದ ಅಂತಾರಲ್ಲ, ಅದು ನಿಲ್ಲುತ್ತೆ.’

‘ಅನ್ನಲಿ ಬಿಡು. ಓಡಬೇಕು ಅಂದ್ರೆ ಕಾಲಿರಬೇಕು.’ ಒಂದು ಸಿಪ್ಪೆಯನ್ನು ಬೆಳಕಿಗೆ ಹಿಡಿದು ತೂತಿದೆಯೇ ಎಂದು ನೋಡಿದಳು. ‘ಅಷ್ಟೂ ಮಕ್ಕಳು ಒಟ್ಟಿಗೆ ಅವನು ಸತ್ತ ಅಂತ ಕೂಗಿದ ಮೇಲೆ ನಾನು ಯಾವ ಬಾಯಲ್ಲಿ ಅವನು ಬರ್ತಾನೆ ಅನ್ಲಿ? ಅವರಲ್ಲಿ ಒಂದೊಂದು ಮಗುಗೂ ನಾನು ಉಣ್ಸಿದೀನಿ. ಅವರ ಬಾಯಲ್ಲಿ ಅದು ಬೇಡ ದೊಮಿ.’

ಮಾರನೆಯ ದಿನ ನಾನು ಮೇಷ್ಟ್ರ ಕೋಣೆಗೆ ಹೋಗಿ ಆಗುವುದಿಲ್ಲ ಎಂದೆ. ಅವರು ವಾದಿಸಿದರು, ನಾನೂ ವಾದಿಸಿದೆ. ಕೊನೆಗೆ ಒಪ್ಪಂದವಾಯಿತು: ಹಾಜರಿಯಲ್ಲಿ ಆರೇ ಹೆಸರು. ಅದು ಮುಗಿದ ಮೇಲೆ ಕ್ಯಾಪ್ಟನ್ ಒಂದು ಚಿಕ್ಕ ಭಾಷಣದಲ್ಲಿ ನಾಬೋರನಿಗೆ ಶುಭ ಕೋರುತ್ತಾರೆ, ಅಷ್ಟೆ. ಭಾಷಣವನ್ನು ಮೊದಲೇ ತೋರಿಸಬೇಕೆಂದು ಪಟ್ಟು ಹಿಡಿದೆ. ಕ್ಯಾಪ್ಟನ್ ಬೇಸರಿಸದೆ ಕಳಿಸಿಕೊಟ್ಟರು. ‘ಹುತಾತ್ಮ’ ಎಂದು ಬರೆದಿದ್ದ ಕಡೆ ‘ಯೋಧ’ ಎಂದು ತಿದ್ದಿಸಿದೆ. ಕೊನೆಯ ವಾಕ್ಯ ಹೀಗಿತ್ತು: ‘ಈ ಊರಿನ ಮಗ, ಇದೇ ಅಂಗಳದಲ್ಲಿ ಆಡಿ ಬೆಳೆದ ಯೋಧ, ಕಾರ್ಪೊರಲ್ ನಾಬೋರ್ ತ್ರೆಹೊ ಎಸ್ಪಾರ್ಸಾ, ಎಲ್ಲಿದ್ದರೂ ಕ್ಷೇಮವಾಗಿ ಮರಳಲಿ.’ ಅದನ್ನು ಅಮ್ಮನಿಗೆ ಓದಿ ಹೇಳಿದೆ. ಇನ್ನೊಂದು ಸಲ ಓದು ಎಂದಳು. ಓದಿದೆ. ತಲೆಯಾಡಿಸಿದಳು.

ಇತ್ತ ಅಂಗಳದಲ್ಲಿ ಕವಾಯತು ನಡೆಯುತ್ತಿತ್ತು. ಹೋದ ವರ್ಷ ಮಕ್ಕಳ ಉತ್ತರ ಚೆದುರಿಹೋಗಿತ್ತೆಂದು ವ್ಯಾಯಾಮದ ಮೇಷ್ಟ್ರು ಉಬಾಲ್ದೊ ಈ ಸಲ ಹಟ ತೊಟ್ಟಿದ್ದರು. ಹೆಸರು ನಿಂತ ಕೂಡಲೇ ಉತ್ತರ ಸಿಡಿಯಬೇಕು, ಪಕ್ಕದವನ ಮುಖ ನೋಡುವಂತಿಲ್ಲ. ಮಕ್ಕಳಿಗೆ ಬೇಸರವಾಗದಿರಲೆಂದು ಯಾವ್ಯಾವುದೋ ಹೆಸರು ಕೂಗುತ್ತಿದ್ದರು. ತಮ್ಮ ಹೇಸರಗತ್ತೆಯ ಹೆಸರು ಕೂಗಿದರು: ‘ತಾಯ್ನಾಡಿಗಾಗಿ ಮಡಿದ!’ ತಮ್ಮ ಹೆಸರನ್ನೇ ಕೂಗಿಕೊಂಡರು: ‘ತಾಯ್ನಾಡಿಗಾಗಿ ಮಡಿದ!’ ಆಟದ ಹೊತ್ತಿನಲ್ಲಿ ಮಕ್ಕಳಿಗೂ ಅದೇ ಆಟವಾಯಿತು. ಯಾರೋ ‘ರೊಮುಲೊ’ ಎಂದರೆ ಉಳಿದವರು ಉತ್ತರಿಸುವುದು, ರೊಮುಲೊ ಎದೆ ಹಿಡಿದುಕೊಂಡು ಮಣ್ಣಿನಲ್ಲಿ ಉರುಳುವುದು, ಕೈಯಲ್ಲಿದ್ದ ತಮಾಲೆ ಮಾತ್ರ ಮೇಲೇ ಇರುವುದು. ಗೇಟಿನ ಬಳಿ ಕುಳಿತ ಅಮ್ಮನೂ ನಗುತ್ತಿದ್ದಳು. ನಾನೂ ನಕ್ಕಿದ್ದೆ.

ಹದಿಮೂರರ ಬೆಳಿಗ್ಗೆ ಬಿಸಿಲು ಚುರುಗುಟ್ಟುತ್ತಿತ್ತು. ಮುಂದಿನ ಸಾಲಿನಲ್ಲಿ ಅಮ್ಮನಿಗೊಂದು ಕುರ್ಚಿ ಹಾಕಿಸಿದ್ದರು. ಅವಳು ಒಲ್ಲೆನೆಂದು ಗೇಟಿನ ಪಕ್ಕದ ಮರದ ಕೆಳಗೆ, ತನ್ನ ಹಂಡೆಯ ಹಿಂದೆ ನಿಂತಳು. ಒಳ್ಳೆಯ ಶಾಲು ಹೊದ್ದಿದ್ದಳು. ಮೈಕಿನ ಮುಂದೆ ನಿಂತರೆ ನನಗೆ ಅವಳು ನೇರವಾಗಿ ಕಾಣುತ್ತಿದ್ದಳು. ನೀಲಿ ಅಂಗಿ, ರಟ್ಟಿನ ಟೋಪಿ ತೊಟ್ಟ ಆರು ಹುಡುಗರು ಕಟ್ಟೆಯ ಮೇಲೆ ಸಾಲಾಗಿ ನಿಂತರು. ಡೋಲು ನಿಂತಿತು. ನಾನು ಹೆಸರುಗಳನ್ನು ಕೂಗಿದೆ. ಉತ್ತರ ಒಂದೊಂದು ಸಲವೂ ಗೋಡೆಗೆ ಬಡಿದು ವಾಪಸ್ ಬಂತು. ಉಬಾಲ್ದೊ ಹೆಮ್ಮೆಯಿಂದ ಗಲ್ಲ ಎತ್ತಿದ್ದರು. ಆರನೆಯದೂ ಆಯಿತು. ನನ್ನ ಬೆನ್ನು ಬೆವರಿತ್ತು. ಮುಗಿಯಿತಲ್ಲ ಎಂದು ಪಕ್ಕಕ್ಕೆ ಸರಿದು ಕ್ಯಾಪ್ಟನ್ನರಿಗೆ ಜಾಗ ಬಿಟ್ಟೆ.

ಅವರು ಚೆನ್ನಾಗಿಯೇ ಮಾತಾಡಿದರು. ಒಂದು ಪದವೂ ಹೆಚ್ಚುಕಡಿಮೆಯಾಗಲಿಲ್ಲ. ನಾನು ಕೈಯಲ್ಲಿದ್ದ ಪ್ರತಿಯ ಮೇಲೆ ಬೆರಳು ಇಟ್ಟುಕೊಂಡು ಹಿಂಬಾಲಿಸುತ್ತಿದ್ದೆ. ಕೊನೆಯ ವಾಕ್ಯಕ್ಕೆ ಬಂದರು. ‘ಈ ಊರಿನ ಮಗ, ಇದೇ ಅಂಗಳದಲ್ಲಿ ಆಡಿ ಬೆಳೆದ ಯೋಧ,’ ಎಂದರು. ದನಿ ಏರಿಸಿದರು. ‘ಕಾರ್ಪೊರಲ್ ನಾಬೋರ್ ತ್ರೆಹೊ ಎಸ್ಪಾರ್ಸಾ,’ ಎಂದು ಗೌರವದಿಂದ ಒಂದು ಉಸಿರಿನಷ್ಟು ನಿಂತರು.

‘ತಾಯ್ನಾಡಿಗಾಗಿ ಮಡಿದ!’

ಅಂಗಳವೆಲ್ಲ ಒಂದೇ ದನಿ. ಅಷ್ಟು ಸ್ಪಷ್ಟವಾಗಿ, ಅಷ್ಟು ಒಟ್ಟಿಗೆ ಆ ಆರು ಹುಡುಗರಿಗೂ ಉತ್ತರ ಬಂದಿರಲಿಲ್ಲ. ಒಂದನೆಯ ತರಗತಿಯ ಚಿಕ್ಕವರು ಕಾಲ್ಬೆರಳ ಮೇಲೆ ನಿಂತು ಕೂಗಿದ್ದರು. ದೊಡ್ಡ ಮಕ್ಕಳಿಗೆ ತಾವು ಕೂಗಿಬಿಟ್ಟ ಮೇಲಷ್ಟೇ ಅದು ಯಾರ ಹೆಸರೆಂದು ಹೊಳೆಯಿತು. ಅಲ್ಲಲ್ಲಿ ಕೈಗಳು ಬಾಯಿಗೆ ಹೋದವು. ಕ್ಯಾಪ್ಟನ್ನರ ಕುತ್ತಿಗೆ ಕೆಂಪಾಯಿತು. ಬೇರೆ ದಾರಿ ಕಾಣದೆ, ಉಳಿದ ಅರ್ಧ ವಾಕ್ಯವನ್ನೂ ಹೇಳಿ ಮುಗಿಸಿದರು: ‘ಎಲ್ಲಿದ್ದರೂ ಕ್ಷೇಮವಾಗಿ ಮರಳಲಿ.’

ಎಲ್ಲರೂ ಗೇಟಿನ ಕಡೆ ತಿರುಗುವಷ್ಟರಲ್ಲಿ ನಾನು ಆಗಲೇ ಅಮ್ಮನನ್ನು ನೋಡುತ್ತಿದ್ದೆ. ಹೆಸರು ಮೈಕಿನಲ್ಲಿ ಬಂದಾಗಿನಿಂದಲೇ ನೋಡುತ್ತಿದ್ದೆ. ಹಾಗಾಗಿ ಬೇರೆ ಯಾರೂ ಕಾಣದ್ದು ನನಗೆ ಕಂಡಿತು. ಮಕ್ಕಳ ಜೊತೆ, ಅದೇ ಕ್ಷಣದಲ್ಲಿ, ಅಮ್ಮನ ತುಟಿಗಳೂ ಆಡಿದ್ದವು. ಬೆನ್ನು ನೆಟ್ಟಗೆ ಮಾಡಿಕೊಂಡು, ಈ ಶಾಲೆಯಲ್ಲೇ ಅಕ್ಷರ ಕಲಿತ ಹುಡುಗಿಯಾಗಿದ್ದಾಗ ಹೇಗೆ ಕೂಗುತ್ತಿದ್ದಳೋ ಹಾಗೆ, ಅವಳೂ ಹೇಳಿದ್ದಳು.

ಬ್ಯಾಂಡಿನವರು ಏನು ಮಾಡಬೇಕೆಂದು ತೋಚದೆ ರಾಷ್ಟ್ರಗೀತೆ ಶುರು ಮಾಡಿದರು. ಅಮ್ಮ ಬಲಗೈಯನ್ನು ಎದೆಯ ಮೇಲೆ ಅಡ್ಡ ಹಿಡಿದು ನಿಂತಳು. ಮುಗಿದ ಮೇಲೆ ಹಂಡೆಯ ಬಟ್ಟೆ ಸರಿಸಿ ಮಕ್ಕಳಿಗೆ ತಮಾಲೆ ಕೊಟ್ಟಳು. ಉಬಾಲ್ದೊ ಅವಳ ಮುಂದೆ ಬಂದು ಟೋಪಿ ಹಿಂಡುತ್ತ ನಿಂತರೆ, ಅವರಿಗೂ ಒಂದು ಕೊಟ್ಟಳು. ಹಂಡೆ ಖಾಲಿಯಾಗುವವರೆಗೆ ಕದಲಲಿಲ್ಲ.

ಮನೆಗೆ ಬಂದು ಶಾಲು ಮಡಿಸಿ ಇಟ್ಟ ಮೇಲೆ ಕೇಳಿದಳು.

‘ನೀನು ನೋಡ್ತಿದ್ದೆ ಅಲ್ವಾ?’

‘ಏನನ್ನ?’

‘ನನ್ನ ಬಾಯಿನ.’

ಏನು ಹೇಳಬೇಕೆಂದು ದಾರಿಯುದ್ದಕ್ಕೂ ಪದ ಹುಡುಕಿದ್ದೆ. ಆದರೂ ಬಂದದ್ದು ಇಷ್ಟೇ: ‘ಬಿಸಿಲಿತ್ತು ಅಮ್ಮ. ಸರಿಯಾಗಿ ಕಾಣ್ಲಿಲ್ಲ.’

‘ನಿಂಗೆ ಕತ್ತಲಲ್ಲೂ ಕಾಣುತ್ತೆ, ಸುಳ್ಳು ಹೇಳಬೇಡ.’ ದನಿಯಲ್ಲಿ ಸಿಟ್ಟಿರಲಿಲ್ಲ. ‘ಮಕ್ಕಳು ಅಂದಿದ್ದು ಮಕ್ಕಳ ಮಾತು. ಆ ಸಾಹೇಬ್ರು ಅಂದಿದ್ರೂ ಸರ್ಕಾರದ ಮಾತು ಅಂತ ಬಿಡ್ತಿದ್ದೆ. ಆದ್ರೆ ನಾನು ಅಂದೆ ಕಣೇ.’

‘ಅದು ಅಭ್ಯಾಸ ಅಮ್ಮ. ಬಾಯಿಗೆ ತಾನಾಗೇ ಬರುತ್ತೆ. ಅದನ್ನ ಮಾತು ಅಂತಾರಾ?’

‘ಅವನ ಹೆಸರು ಕೇಳಿದ ತಕ್ಷಣ ಬಂತು ದೊಮಿ. ತಡೀಲಿಲ್ಲ. ಒಳಗೆ ಇಲ್ಲದ್ದು ಅಷ್ಟು ಸಲೀಸಾಗಿ ಬರುತ್ತಾ? ಎರಡು ವರ್ಷದಿಂದ ಅಲ್ಲೇ ಕೂತಿತ್ತು.’

ಅತ್ತುಬಿಟ್ಟರೆ ಒಳ್ಳೆಯದಿತ್ತು. ಅಳಲಿಲ್ಲ. ಜೋಳ ಬೇಯಿಸಲು ಇಟ್ಟಿದ್ದ ಸುಣ್ಣದ ಡಬ್ಬಿ ತಂದಳು. ಮೇಜನ್ನು ಗೋಡೆಗೆ ಸರಿಸಲು ನನ್ನನ್ನು ಕರೆದಳು. ಮಣ್ಣಿನ ನೆಲದ ಮೇಲೆ, ಶವ ಇಡುವ ಜಾಗದಲ್ಲಿ, ಸುಣ್ಣದಿಂದ ಒಂದು ಉದ್ದನೆಯ ಶಿಲುಬೆ ಬರೆಯತೊಡಗಿದಳು. ಯಾರಾದರೂ ಸತ್ತರೆ ಒಂಬತ್ತು ಸಂಜೆ ಅದರ ಸುತ್ತ ಕುಳಿತು ಜಪಸರ ಹೇಳಿ, ಕೊನೆಯ ಸಂಜೆ ಆ ಸುಣ್ಣವನ್ನು ಎತ್ತಿ ಮಣ್ಣಿಗೆ ಕೊಡುತ್ತೇವೆ. ನಾನು ಅವಳ ಮಣಿಕಟ್ಟು ಹಿಡಿದೆ. ಈಗಲೇ ಬೇಡ ಎಂದೆ. ಹಬ್ಬ ಮುಗಿಯಲಿ, ಪಾದ್ರಿಯನ್ನು ಕೇಳೋಣ, ಕ್ಯಾಪ್ಟನ್ ಇನ್ನೊಂದು ಸಲ ಹುಡುಕಿಸಬಹುದು ಎಂದೆ. ನಾನು ಹಾಗೆ ಮಾತಾಡುತ್ತಿರುವುದು ನನಗೇ ವಿಚಿತ್ರವಾಗಿ ಕೇಳಿಸಿತು.

‘ಎರಡು ವರ್ಷ ಅವನಿಗೆ ಯಾರೂ ಒಂದು ಪ್ರಾರ್ಥನೆ ಮಾಡಿಲ್ಲ,’ ಎಂದಳು ಅಮ್ಮ. ‘ನನ್ನ ಹಟಕ್ಕೆ ಅವನು ನೀರಲ್ಲೇ ನಿಂತಿದ್ದಾನೆ. ಕೈ ಬಿಡು.’

ಬಿಟ್ಟೆ.

ಹೀಗೆ ನಮ್ಮ ಮನೆಯ ಒಂಬತ್ತು ಸಂಜೆಗಳು ಊರಿನ ಹಬ್ಬದ ನಡುವೆಯೇ ಬಂದವು. ಹದಿನಾರರಂದು ಮೆರವಣಿಗೆ ನಮ್ಮ ಬೀದಿಯಲ್ಲೇ ಹಾದುಹೋಯಿತು. ಸಾವಿನ ಮನೆಯೆಂದು ಡೋಲು ನಿಲ್ಲಿಸಲು ಮೇಷ್ಟ್ರು ಹೇಳಿಕಳಿಸಿದ್ದರಂತೆ. ಅಮ್ಮ ಬಾಗಿಲಿಗೆ ಹೋಗಿ, ಮಕ್ಕಳ ಹಬ್ಬ, ಬಾರಿಸಲಿ ಎಂದಳು. ಬಾರಿಸಿದರು. ಮೊದಲು ಮೆಲ್ಲಗೆ, ತಿರುವು ದಾಟಿದ ಮೇಲೆ ಜೋರಾಗಿ.

ಆ ಸಂಜೆ ಮನೆ ತುಂಬಿತ್ತು. ಮೊದಲ ಸಂಜೆಗಳಲ್ಲಿ ನಾನು ಅಡುಗೆಮನೆಯಲ್ಲೇ ಉಳಿದಿದ್ದೆ. ಕಾಫಿ ಕಾಯಿಸಬೇಕು, ಲೋಟ ತೊಳೆಯಬೇಕು, ಏನಾದರೂ ಒಂದು ನೆವ. ಅವತ್ತು ಅಮ್ಮ ಬಂದು ಕೈ ಹಿಡಿದು ಕರೆದೊಯ್ದು ತನ್ನ ಪಕ್ಕ ಕೂರಿಸಿಕೊಂಡಳು. ಬಿಳಿ ಶಿಲುಬೆಯ ನಾಲ್ಕೂ ಕಡೆ ಮೇಣದಬತ್ತಿ. ಜಪ ಹೇಳಿಸುತ್ತಿದ್ದವಳು ಚೋನಾ. ಹದಿಮೂರರಿಂದ ಅವಳು ನಮ್ಮ ಹತ್ತಿರ ಪ್ರಾರ್ಥನೆಯ ಮಾತು ಬಿಟ್ಟು ಬೇರೆ ಆಡಿರಲಿಲ್ಲ.

ಚೋನಾ ಸಂತ ಮರಿಯಳ ಒಂದೊಂದು ಬಿರುದನ್ನು ಹೇಳುತ್ತಿದ್ದಳು. ಪ್ರತಿಯೊಂದಕ್ಕೂ ಎಲ್ಲರೂ, ‘ಅವನಿಗಾಗಿ ಪ್ರಾರ್ಥಿಸು,’ ಎನ್ನಬೇಕು. ಸತ್ತವನಿಗೆ ಮಾತ್ರ ಹೇಳುವ ಉತ್ತರ ಅದು. ಮೇಷ್ಟ್ರು ಹೇಳಿದರು, ಉಬಾಲ್ದೊ ಹೇಳಿದರು, ತಾಯಂದಿರ ಮಡಿಲಲ್ಲಿ ಕುಳಿತ ಮಕ್ಕಳು ಹೇಳಿದರು. ಅಮ್ಮ ಹೇಳಿದಳು. ನನ್ನ ಬಾಯಿ ತೆರೆಯಲಿಲ್ಲ.

ನಾಚಿಕೆಯೋ ದುಃಖವೋ ಎಂದು ಮೊದಲು ಗೊತ್ತಾಗಲಿಲ್ಲ. ಬಿರುದುಗಳು ಒಂದರ ಹಿಂದೊಂದು ಬರುತ್ತಿದ್ದವು, ನಾನು ಹಲ್ಲು ಕಚ್ಚಿಕೊಂಡು ಕುಳಿತಿದ್ದೆ. ಅವನನ್ನು ಕಳಿಸಿಕೊಟ್ಟಾಗಿದೆ ಎಂದು ಎರಡು ವರ್ಷ ಅಂದುಕೊಂಡಿದ್ದೆನಲ್ಲ, ಹಾಗೆ ಅಂದುಕೊಳ್ಳಲು ನನಗೆ ಸಾಧ್ಯವಾದದ್ದು ಅಮ್ಮ ಅವನನ್ನು ಬಿಡದೆ ಹಿಡಿದುಕೊಂಡಿದ್ದರಿಂದ. ಮನೆಯಲ್ಲಿ ಒಬ್ಬರು ಬಾಗಿಲು ಕಾಯುತ್ತಿದ್ದಾರೆ ಎಂಬ ಧೈರ್ಯದ ಮೇಲೆ ನಾನು ತಿಳಿವಳಿಕೆಯ ಮಾತು ಆಡುತ್ತಿದ್ದೆ. ಈಗ ಅವಳು ಕೈಬಿಟ್ಟಿದ್ದಳು. ಕೋಣೆ ತುಂಬ ಜನ. ಅವನು ಬರುತ್ತಾನೆ ಎನ್ನುವವರು ನಾನು ಬಿಟ್ಟು ಯಾರೂ ಉಳಿದಿರಲಿಲ್ಲ.

ಮುಖ ಎತ್ತಿದರೆ ಅಮ್ಮ ನನ್ನನ್ನೇ ನೋಡುತ್ತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ಅವಳ ಒರಟು ಬೆರಳುಗಳು ನನ್ನ ಮೊಣಕೈ ಮೇಲೆ ಬಂದವು.

‘ಹೇಳು ಮಗಳೇ,’ ಎಂದಳು, ನನಗಷ್ಟೇ ಕೇಳಿಸುವಂತೆ. ‘ನಾನೊಬ್ಬಳೇ ಹೇಳಿದ್ರೆ ಆಗಲ್ಲ.’

ಚೋನಾ ಮುಂದಿನ ಬಿರುದು ಹೇಳಿದಳು. ಎಲ್ಲರೂ ಉತ್ತರಿಸಿದರು. ನಾನು ಒಂದು ಪದ ಹಿಂದೆ ಬಿದ್ದೆ, ದನಿ ಅರ್ಧಕ್ಕೇ ನಿಂತಿತು. ಅಮ್ಮನ ಕೈ ನನ್ನ ಮೊಣಕೈ ಮೇಲೇ ಇತ್ತು. ಮುಂದಿನದಕ್ಕೆ ಅವಳು ತಾನು ಹೇಳದೆ ನನಗಾಗಿ ಕಾದಳು.